ಅವಸರದಲ್ಲಿ ಕಚ್ಚಿದ ಮೇಣ

ಹಲ್ಲಿನ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಮಿಂಚಮ್ಮ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯೋ ಹಂಗಿಸುವುದೋ ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಕೇಳುವುದಕ್ಕೆ ಪುರುಸೊತ್ತು ಬೇಕಲ್ಲ.

ಲ್ಯಾಬು ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ಕಿಟಕಿಯ ಪಕ್ಕದಲ್ಲಿ ಪ್ಲಾಸ್ಟರ್ ಕಲಸುವ ಕಟ್ಟೆ, ಅದರಾಚೆ ಮೇಣ ಕರಗಿಸುವ ಪುಟ್ಟ ದೀಪಗಳು, ಮೂಲೆಯಲ್ಲಿ ಪಾಲಿಶ್ ಮೋಟಾರು. ಗೋಡೆಯ ಕಪಾಟಿನಲ್ಲಿ ಪ್ಲಾಸ್ಟರ್ ದವಡೆಗಳು ಸಾಲಾಗಿ ಬಾಯಿ ತೆರೆದು ಕುಳಿತಿರುತ್ತಿದ್ದವು. ಹೊಸಬರು ನೋಡಿದರೆ ಬೆಚ್ಚುತ್ತಿದ್ದರು. ಹಳಬರಿಗೆ ಅವು ನೆರೆಹೊರೆಯವರಿದ್ದ ಹಾಗೆ.

ಹಲ್ಲಿಲ್ಲದ ಬಾಯಿಗೆ ಪೂರ್ತಿ ಸೆಟ್ಟು ಮಾಡುವುದು ಹಲವು ಹಂತಗಳ ಕೆಲಸ. ಡಾಕ್ಟರು ಒಸಡಿನ ಅಚ್ಚು ತೆಗೆದು ಕಳಿಸುತ್ತಾರೆ. ಲ್ಯಾಬಿನವರು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಅದರ ಮೇಲೆ ಮೇಣದ ದಿಂಡು ಕೂರಿಸಿ ವಾಪಸು ಕಳಿಸುತ್ತಾರೆ. ರೋಗಿ ಆ ಮೇಣವನ್ನು ಕಚ್ಚಿದಾಗ ಮೇಲಿನ ದವಡೆಗೂ ಕೆಳಗಿನ ದವಡೆಗೂ ಇರುವ ನಂಟು ಅದರಲ್ಲಿ ಮೂಡುತ್ತದೆ. ಆ ಗುರುತಿನಂತೆ ಹಲ್ಲು ಜೋಡಿಸಿ, ಒಮ್ಮೆ ಬಾಯಲ್ಲಿಟ್ಟು ನೋಡಿ, ಸರಿಯೆನಿಸಿದ ಮೇಲೆ ಮೇಣವನ್ನು ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹಿಟ್ಟು ತುಂಬಿ ಬಿಸಿನೀರಿನ ತೊಟ್ಟಿಯಲ್ಲಿ ಬೇಯಿಸುತ್ತಾರೆ. ಈ ಬೇಯಿಸುವುದನ್ನು ಮಾತ್ರ ಅವಸರಪಡಿಸುವಂತಿಲ್ಲ. ಒಮ್ಮೆಲೇ ಕುದಿಸಿದರೆ ಒಳಗೆ ಗುಳ್ಳೆ ಏಳುತ್ತವೆ. ಬೇಗ ತಣಿಸಿದರೆ ಸೆಟ್ಟು ಸೊಟ್ಟಗಾಗುತ್ತದೆ. ಮಿಂಚಮ್ಮನ ಆಟ ನಡೆಯದಿದ್ದುದು ಆ ತೊಟ್ಟಿಯ ಮುಂದೆ ಮಾತ್ರ. ಉಳಿದ ಎಲ್ಲ ಹಂತಗಳಲ್ಲಿ ಅವಳ ಕೈ ಎರಡು ಜನರ ಕೆಲಸ ಮಾಡುತ್ತಿತ್ತು, ಅದೂ ಅಚ್ಚುಕಟ್ಟಾಗಿ.

ಮನೆಯಲ್ಲೂ ಅದೇ ವೇಗ. ಬೆಳಗಿನ ಪ್ರಾರ್ಥನೆ ಚಪ್ಪಲಿ ಹಾಕಿಕೊಳ್ಳುವಾಗ ಶುರುವಾಗಿ ಮೆಟ್ಟಿಲ ಮೇಲೆ ಮುಗಿಯುತ್ತಿತ್ತು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಒಳ್ಳೆಯ ಮಾತುಗಾರ. "ನಿನ್ನ ಪ್ರಾರ್ಥನೆ ಕೇಳ್ಬೇಕು ಅಂದ್ರೆ ದೇವರೂ ನಿನ್ನ ಹಿಂದೆ ಓಡ್ಬೇಕು ಕಣೇ," ಎನ್ನುತ್ತಿದ್ದ.

"ಓಡ್ಲಿ ಬಿಡಿ. ನಿಮ್ಮ ಪ್ರಾರ್ಥನೆಗೆ ಕಾದು ಕಾದು ಕಾಲು ಜೋಮು ಹಿಡಿದಿರುತ್ತೆ, ಸ್ವಲ್ಪ ಸಡಿಲ ಆಗುತ್ತೆ."

ಅವಳಿಗೆ ನಂಬಿಕೆ ಇರಲಿಲ್ಲವೆಂದಲ್ಲ. ದೇವರು ಕೊಟ್ಟ ದಿನವನ್ನು ಪೋಲು ಮಾಡುವುದೇ ದೊಡ್ಡ ಪಾಪವೆಂದು ಮನಸಾರೆ ನಂಬಿದವಳು ಅವಳು. ಚರ್ಚಿನಲ್ಲಿ ಹೂವಿನ ಏರ್ಪಾಡು ಅವಳದ್ದೇ, ಆರಾಧನೆಯ ನಂತರದ ಚಹಾ ಅವಳದ್ದೇ, ಮಕ್ಕಳ ತರಗತಿಯೂ ಅವಳದ್ದೇ. ಪಾಸ್ಟರ್ ತಮ್ಮ ಉಪದೇಶದ ಪ್ರಸಂಗ ಮುಗಿಸುವ ಹೊತ್ತಿಗೆ ಅವಳು ಹಿಂದಿನ ಕೋಣೆಯಲ್ಲಿ ಚಹಾ ಕಪ್ಪುಗಳನ್ನು ಜೋಡಿಸುತ್ತಿರುತ್ತಿದ್ದಳು. ಪ್ರಸಂಗದ ಕೊನೆ ಏನಾಯಿತೆಂದು ಎಷ್ಟೋ ವರ್ಷಗಳಿಂದ ಅವಳಿಗೆ ಗೊತ್ತಿರಲಿಲ್ಲ.

ಅವರ ಜೊತೆಯಲ್ಲೇ ಅತ್ತೆ ಇದ್ದರು, ಗಂಡನ ತಾಯಿ. ದರ್ಜಿ ಕೆಲಸ ಮಾಡಿ ಮಗನನ್ನು ಸಾಕಿದವರು. ಚರ್ಚಿನ ಗಾಯನ ತಂಡದಲ್ಲಿ ಕೆಳಗಿನ ಶ್ರುತಿಯ ದನಿ ಅವರದ್ದು. ಆ ದನಿ ತಾನಾಗಿ ಎದ್ದು ಕೇಳುತ್ತಿರಲಿಲ್ಲ. ಅವರು ಬಾರದ ದಿನ ಮಾತ್ರ ಹಾಡಿನ ಬುಡವೇ ಸಡಿಲವಾದ ಹಾಗೆ ಎಲ್ಲರಿಗೂ ತಿಳಿಯುತ್ತಿತ್ತು. ಅತ್ತೆಯ ಉಳಿದ ಕೆಲವು ಹಲ್ಲುಗಳೂ ಅಲುಗಾಡಿ, ಡಾಕ್ಟರು ಅವನ್ನು ಕಿತ್ತು, ಒಸಡಿನ ಗಾಯ ಮಾಗಿದ ಮೇಲೆ ಹೊಸ ಸೆಟ್ಟಿಗೆ ಅಚ್ಚು ತೆಗೆದುಕೊಟ್ಟರು. ಮಾಡುವವರು ಯಾರೆಂದು ಕೇಳುವಂತೆಯೇ ಇರಲಿಲ್ಲ.

"ಮೇಣ ಕಚ್ಚಿಸೋದಕ್ಕೆ ಅವರನ್ನ ಕರ್ಕೊಂಡು ಬಾ," ಎಂದಿದ್ದರು ಡಾಕ್ಟರು.

"ಇಲ್ಲಿ ಬಂದು ಅರ್ಧ ದಿನ ಕಾಯ್ಬೇಕಲ್ಲ ಡಾಕ್ಟ್ರೇ. ಮನೆಯಲ್ಲೇ ಕಚ್ಚಿಸಿ ತರ್ತೀನಿ. ದಿನಾ ನೋಡೋ ಕೆಲಸ ತಾನೇ?"

ಹಾಗೆ ಒಂದು ಬೆಳಿಗ್ಗೆ, ಹೆಗಲ ಮೇಲೆ ಬ್ಯಾಗು, ಕಾಲಲ್ಲಿ ಚಪ್ಪಲಿ, ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತ ಅತ್ತೆಯ ಬಾಯಿಗೆ ಅವಳು ಮೇಣದ ದಿಂಡು ಇಟ್ಟಳು. "ಕಚ್ಚಿ ಅತ್ತೆ. ಹಾಂ, ಕಚ್ಚಿ. ಇನ್ನೂ ಸ್ವಲ್ಪ. ಬೇಗ ಬೇಗ." ಅತ್ತೆ ಕಚ್ಚಿದರು. ಬಸ್ಸು ತಪ್ಪಲಿಲ್ಲ. ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವ ಹಂತವನ್ನೂ ಅವಳು ಬಿಟ್ಟಳು. ಮನೆಯಲ್ಲೇ ಇರುತ್ತಾರಲ್ಲ, ಏನಾದರೂ ಹೆಚ್ಚುಕಡಿಮೆ ಇದ್ದರೆ ಆಮೇಲೆ ಉಜ್ಜಿ ಸರಿ ಮಾಡಿದರಾಯಿತು ಎಂದುಕೊಂಡಳು. ಪರರ ಬಾಯಿಗೆ ಎಂದೂ ಮಾಡದ ತಪ್ಪನ್ನು ಮನೆಯವರ ಬಾಯಿಗೆ ಮಾಡಿದಳು.

ಸೆಟ್ಟು ಬಂತು. ನೋಡುವುದಕ್ಕೆ ಬಹಳ ಚೆಂದವಿತ್ತು. "ಅಜ್ಜಿ, ನಿಮಗೆ ನನಗಿಂತ ವಯಸ್ಸು ಕಡಿಮೆ ಕಾಣುತ್ತೆ!" ಎಂದಳು ಕಾಲೇಜಿಗೆ ಹೋಗುವ ಮೊಮ್ಮಗಳು. ಅತ್ತೆ ಕನ್ನಡಿ ನೋಡಿ ನಕ್ಕು, "ತುಂಬಾ ಚೆನ್ನಾಗಿದೆ ಮಗಳೇ," ಎಂದು ಸೊಸೆಯ ಕೆನ್ನೆ ಸವರಿದರು. ಮಿಂಚಮ್ಮ ಆಗಲೇ ಬಾಗಿಲಲ್ಲಿದ್ದಳು.

ಅಲ್ಲಿಂದ ಮುಂದೆ ಅತ್ತೆಗೆ ಊಟದ ಹೊತ್ತಿಗೆ ಹಸಿವಿರುತ್ತಿರಲಿಲ್ಲ. "ನೀವು ಮುಗಿಸಿ, ನಾನು ಆಮೇಲೆ ತಿಂತೀನಿ." ತೋಳಿನ ಬಳಿ ಉಡುಪು ಸಡಿಲವಾಯಿತು. ಗಂಟಲು ಸರಿಯಿಲ್ಲವೆಂದು ಹಾಡುವುದಕ್ಕೂ ಹೋಗಲಿಲ್ಲ. ಮಿಂಚಮ್ಮ ಸುಮ್ಮನಿರುವವಳೇ? ಟಾನಿಕ್ ತಂದಳು, ರಕ್ತ ಪರೀಕ್ಷೆ ಮಾಡಿಸಿದಳು, ಗಂಟಲಿಗೆ ಔಷಧ ತಂದಳು. ಎಲ್ಲವನ್ನೂ ಚಕಚಕನೆ ಮಾಡಿದಳು. ಎದುರು ಕುಳಿತು ಏನಾಗಿದೆ ಎಂದು ಕೇಳುವುದೊಂದು ಮಾತ್ರ ಅವಳಿಗೆ ಹೊಳೆಯಲಿಲ್ಲ. ರಕ್ತದ ವರದಿಯಲ್ಲಿ ದೋಷವೇನೂ ಕಾಣಲಿಲ್ಲ.

ಒಂದು ಭಾನುವಾರ ಆರಾಧನೆಗೆ ಹೊರಟವಳು ಚಹಾ ಸೋಸುವ ಬಟ್ಟೆ ಮರೆತು ಅರ್ಧ ದಾರಿಯಿಂದ ವಾಪಸು ಬಂದಳು. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಕುಳಿತಿದ್ದರು. ಬ್ರೆಡ್ಡಿನ ಅಂಚು ಕಿತ್ತು ಬದಿಗಿಟ್ಟು, ಮೆದು ಭಾಗವನ್ನು ಬಟ್ಟಲಿನ ಹಾಲಿನಲ್ಲಿ ಅದ್ದಿ, ನಾಲಿಗೆಯಿಂದ ಒತ್ತಿ ನುಂಗುತ್ತಿದ್ದರು. ಸೆಟ್ಟು ಕರವಸ್ತ್ರದಲ್ಲಿ ಸುತ್ತಿಕೊಂಡು ಅವರ ತೊಡೆಯ ಮೇಲಿತ್ತು.

ಬ್ಯಾಗನ್ನೂ ಇಳಿಸದೆ ಮಿಂಚಮ್ಮ ಬಾಯಿ ತೆರೆಸಿ ನೋಡಿದಳು. ಕೆಳಗಿನ ಒಸಡಿನ ಎರಡೂ ಬದಿ ಕೆಂಪಗೆ ಹುಣ್ಣಾಗಿತ್ತು.

"ಯಾಕತ್ತೆ ಹೇಳ್ಲಿಲ್ಲ? ದಿನಾ ಇದೇ ಕೆಲಸ ಮಾಡ್ತೀನಿ ನಾನು. ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ನಿಂತ್ರೆ ತಾನೇ ಹೇಳೋದು?" ಎಂದರು ಅತ್ತೆ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಮಳೆ ಬರುತ್ತಿದೆ ಎಂದು ಹೇಳಿದಷ್ಟೇ ಸಹಜವಾಗಿತ್ತು. "ಅದೂ ನಿನ್ನ ಕೈಯಾರೆ ಮಾಡ್ಕೊಟ್ಟಿದ್ದೀಯ. ಚುಚ್ಚುತ್ತೆ ಅನ್ನೋಕೆ ಬಾಯೇ ಬರ್ಲಿಲ್ಲ ಮಗಳೇ."

ಆ ದಿನ ಚರ್ಚಿನ ಚಹಾವನ್ನು ಯಾರು ಸೋಸಿದರೋ ಅವಳಿಗೆ ಗೊತ್ತಿಲ್ಲ.

ಮರುದಿನ ಅತ್ತೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ದಾರಿಯಲ್ಲೇ ಅವಳ ತಲೆಯಲ್ಲಿ ರಿಪೇರಿ ಮುಗಿದಿತ್ತು: ಎಲ್ಲಿ ಒತ್ತುತ್ತದೋ ಅಲ್ಲಿ ಉಜ್ಜಬೇಕು, ಪಾಲಿಶ್ ಹೊಡೆಯಬೇಕು, ಸಂಜೆಗೆ ವಾಪಸು. ಡಾಕ್ಟರು ಮಾತ್ರ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಸೆಟ್ಟು ಹಾಕಿಸಿ, ಹಾಡಿನ ಬಗ್ಗೆ, ಹಳೆಯ ಹೊಲಿಗೆ ಯಂತ್ರದ ಬಗ್ಗೆ ಮಾತಾಡಿಸುತ್ತಾ ಹೋದರು. ಅತ್ತೆ ನಕ್ಕು ಸುಮ್ಮನಾದ ಒಂದು ಗಳಿಗೆಯಲ್ಲಿ ಗದ್ದಕ್ಕೆ ಮೆಲ್ಲನೆ ಬೆರಳಿಟ್ಟು ಬಾಯಿ ಮುಚ್ಚಿಸಿದರು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಎದುರೆದುರು ಬರಲೇ ಇಲ್ಲ. ಕೆಳಗಿನ ಸಾಲು ಹಿಂದೆ ಉಳಿಯಿತು. ಆಮೇಲೆ "ಈಗ ಕಚ್ಚಿ, ಬೇಗ!" ಎಂದರು. ಅತ್ತೆಯ ದವಡೆ ಗಾಬರಿಯಿಂದ ಮುಂದಕ್ಕೆ ಬಂತು. ಹಲ್ಲುಗಳೆಲ್ಲ ಒಂದರೊಳಗೊಂದು ಟಕ್ಕನೆ ಕೂತವು.

"ನೀನೇ ನೋಡಿದ್ಯಲ್ಲ. ಈ ಅಳತೆ ಯಾರದ್ದು?" ಎಂದು ಕೇಳಿದರು ಡಾಕ್ಟರು.

"ಅತ್ತೇದೇ ಡಾಕ್ಟ್ರೇ."

"ಅಲ್ಲಮ್ಮ. ಇದು ಬಸ್ಸಿಗೆ ಓಡ್ತಿರೋ ಅತ್ತೇದು. ಮೇಣ ಕಚ್ಚೋವಾಗ ಅವಸರ ಪಡಿಸಿದ್ರೆ ಹಲ್ಲಿಲ್ಲದವರು ದವಡೆ ಮುಂದಕ್ಕೆ ತರ್ತಾರೆ. ಉಣ್ಣೋವಾಗ ಅದು ತನ್ನ ಜಾಗಕ್ಕೆ ಹಿಂದೆ ಸರಿಯುತ್ತೆ, ಸೆಟ್ಟು ಜಾರುತ್ತೆ, ಒಸಡು ಉಜ್ಜುತ್ತೆ."

ಮಿಂಚಮ್ಮನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಎಷ್ಟೋ ಸಲ ಇಂಥ ಮೇಣವನ್ನು "ಸರಿಯಿಲ್ಲ, ಮತ್ತೆ ಕಚ್ಚಿಸಿ" ಎಂದು ಅವಳೇ ವಾಪಸು ಕಳಿಸಿದ್ದುಂಟು. ಈ ಸಲ ಮೇಣವನ್ನು ಪರೀಕ್ಷಿಸುವುದಕ್ಕೂ ನಿಂತಿರಲಿಲ್ಲ. "ಉಜ್ಜಿ ಸರಿ ಮಾಡ್ಲಾ ಡಾಕ್ಟ್ರೇ?" ಎಂದಳು ಸಣ್ಣ ದನಿಯಲ್ಲಿ.

"ಉಜ್ಜಿದ್ರೆ ಹಲ್ಲು ಸಣ್ಣಗಾಗುತ್ತೆ, ತಪ್ಪು ಸಣ್ಣಗಾಗಲ್ಲ. ಹೊಸದು ಮಾಡು. ಮೊದಲು ಹುಣ್ಣು ಪೂರ್ತಿ ಮಾಯ್ಲಿ, ಒಸಡು ತನ್ನ ಆಕಾರಕ್ಕೆ ಬರ್ಲಿ, ಆಮೇಲೆ ನಾನು ಅಚ್ಚು ತೆಗೀತೀನಿ. ಮೇಣ ಮಾತ್ರ ಮನೆಯಲ್ಲೇ ಕಚ್ಚಿಸು. ಈ ಕುರ್ಚಿ ಕಂಡ್ರೇನೇ ಇವರ ಮೈ ಬಿಗಿಯಾಗುತ್ತೆ." ಅವಳ ಹೆಗಲ ಕಡೆ ನೋಡಿದರು. "ಬ್ಯಾಗ್ ಇಳಿಸಿಟ್ಟು ಕಚ್ಚಿಸು."

ಹೊರಗೆ ಬಂದ ಮೇಲೆ ಅತ್ತೆ ಸೊಸೆಯ ಕೈ ಹಿಡಿದು ನಿಂತರು. "ನನಗೆ ಹಲ್ಲೇ ಬೇಡ ಬಿಡು ಮಗಳೇ. ಹುಟ್ಟುವಾಗ ತಂದಿದ್ದೆನಾ? ಎಷ್ಟೋ ವರ್ಷ ದೇವರು ಕೊಟ್ಟಿದ್ದ, ಅಷ್ಟು ಸಾಕು."

"ಹಾಡು?"

ಅತ್ತೆ ಅವಳ ಕೈ ಹಿಡಿದೇ ರಸ್ತೆಗೆ ಇಳಿದರು. ರಸ್ತೆ ದಾಟಿದ ಮೇಲೆ, "ಇನ್ನೊಂದೇ ಸಲ ಕಣೇ," ಎಂದರು. "ಆಗಲಿಲ್ಲ ಅಂದ್ರೆ ಸೂಪೇ ಗತಿ ಅಂತ ದೇವರಿಗೆ ಸ್ತೋತ್ರ ಹೇಳ್ಕೊಂಡು ಇದ್ದುಬಿಡ್ತೀನಿ. ಮತ್ತೆ ನನ್ನ ಪೀಡಿಸಬಾರದು."

ಹೀಗೆ ಮಿಂಚಮ್ಮನಿಗೆ ಕಾಯುವ ಕೆಲಸ ಬಂತು. ಅವಳಿಗೆ ಬಾರದ ಕೆಲಸ ಅದೊಂದೇ. ಚಹಾವನ್ನು ಸ್ವಲ್ಪ ಕಾಲ ಬೇರೆಯವರು ನೋಡಿಕೊಳ್ಳಲಿ ಎಂದು ಪಾಸ್ಟರಮ್ಮನಿಗೆ ಹೇಳಿದಳು. ತಾನಿಲ್ಲದೆ ಚಹಾ ನಿಂತೇ ಹೋಗುತ್ತದೆ ಎಂದುಕೊಂಡಿದ್ದಳು. ಅದು ನಡೆಯಿತು, ಸಕ್ಕರೆ ಒಂದಿಷ್ಟು ಕಡಿಮೆಯಿತ್ತು, ಅಷ್ಟೇ. ಅವಳು ಎಷ್ಟೋ ವರ್ಷಗಳ ನಂತರ ಬೆಂಚಿನ ಮೇಲೆ ಕುಳಿತು ಪ್ರಸಂಗವನ್ನು ಕೊನೆಯವರೆಗೆ ಕೇಳಿದಳು. ನಡುವೆ ತೂಕಡಿಸಿದಳು. ತಾನು ಇಷ್ಟು ದಣಿದಿದ್ದೇನೆಂದು ಗೊತ್ತಾದದ್ದೂ ಆಗಲೇ.

ಮನೆಯಲ್ಲಿ ಅತ್ತೆಗಾಗಿ ಎಲ್ಲರಿಗೂ ಮೆತ್ತನೆಯ ಊಟವೇ ಆಯಿತು. "ಹಲ್ಲು ಹೋಗಿದ್ದು ಅಮ್ಮಂದು, ಶಿಕ್ಷೆ ನಮಗೂನಾ?" ಎಂದು ಗಂಡ ಗೊಣಗಿ, ತಟ್ಟೆಯಲ್ಲಿದ್ದುದನ್ನೆಲ್ಲ ತಿಂದ. ಮೊದಲ ದಿನ ಮಿಂಚಮ್ಮ ತನ್ನ ಸೂಪು ಮುಗಿಸಿ ಎದ್ದು ಮೇಜು ಒರೆಸತೊಡಗಿದಾಗ ಅತ್ತೆ ಅವಳ ಮಣಿಕಟ್ಟು ಹಿಡಿದರು.

"ಕೂತ್ಕೋ. ಹಲ್ಲು ಮಾಡೋಳು ಬಾಯಿ ನೋಡೋದು ಬೇಡ್ವಾ?"

ಅವಳು ಕುಳಿತಳು. ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು, ಆದರೂ ನೋಡಿದಳು. ಅತ್ತೆ ಬಲಗಡೆಯೇ ಹೆಚ್ಚು ಅಗಿಯುತ್ತಾರೆ. ನುಂಗುವ ಮುಂಚೆ ನಾಲಿಗೆ ಒಮ್ಮೆ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಬಿಸಿಯಿದ್ದರೆ ಎಡ ಹುಬ್ಬು ಏರುತ್ತದೆ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದರೂ ಈ ಮುಖವನ್ನು ತಾನು ನೋಡಿರಲೇ ಇಲ್ಲವಲ್ಲ ಎನಿಸಿತು. ಲ್ಯಾಬಿನ ಕಪಾಟಿನಲ್ಲಿದ್ದ ಅಪರಿಚಿತರ ದವಡೆಗಳ ಏರುತಗ್ಗು ಅವಳಿಗೆ ಇದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಊಟಕ್ಕೆ ಮೊದಲು ಎಲ್ಲರಿಂದಲೂ ದೇವರಿಗೆ ಕೃತಜ್ಞತೆ ಹೇಳಿಸುವುದು ಅತ್ತೆಯ ಹಳೆಯ ರೂಢಿ. ತನ್ನ ಸರದಿ ಬಂದಾಗ ಮಿಂಚಮ್ಮ, "ಎಲ್ಲದಕ್ಕೂ ಸ್ತೋತ್ರ ಕರ್ತನೇ," ಎಂದು ಮುಗಿಸಿದಳು.

"ಅಂಗಡಿಗೆ ಹೋಗಿ 'ಎಲ್ಲಾ ಕೊಡಿ' ಅಂತೀಯಾ?" ಎಂದರು ಅತ್ತೆ. "ಏನು ಸಿಕ್ತು ಅಂತ ಹೇಳು. ಕೊಟ್ಟವನಿಗೂ ಖುಷಿ ಆಗ್ಬೇಡ್ವಾ?"

ಮೊಮ್ಮಗಳು ಕಿಸಕ್ಕೆಂದಳು. ಮಿಂಚಮ್ಮ ಬಹಳ ಹೊತ್ತು ಯೋಚಿಸಿದಳು. ದಿನವಿಡೀ ನೂರು ಕೆಲಸ ಮಾಡಿದ್ದಳು, ಒಂದೂ ಕಣ್ಣಮುಂದೆ ಬರಲಿಲ್ಲ. ಕೊನೆಗೆ, "ಮಧ್ಯಾಹ್ನ ಪ್ಲಾಸ್ಟರ್ ಕಲಸಿದ ಬಟ್ಟಲು ಕೈಯಲ್ಲಿ ಬೆಚ್ಚಗಿತ್ತು," ಎಂದಳು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅದು ದಿನಾ ಆಗುವುದೇ. ಅಂದು ಮಾತ್ರ ಅವಳ ಅಂಗೈಗೆ ಅದು ತಿಳಿದಿತ್ತು.

"ಅದಕ್ಕೆ ಸ್ತೋತ್ರ," ಎಂದರು ಅತ್ತೆ, ದೊಡ್ಡ ಉಡುಗೊರೆ ಬಂದವರ ಹಾಗೆ.

ಹುಣ್ಣು ಮಾಯಿತು. ಡಾಕ್ಟರು ಹೊಸ ಅಚ್ಚು ತೆಗೆದರು. ಮಿಂಚಮ್ಮ ಹೊಸ ದಿಂಡು ಮಾಡಿ, ರಜೆ ಹಾಕಿದ ಒಂದು ಮಧ್ಯಾಹ್ನ, ಮನೆಯಲ್ಲಿ ಇಬ್ಬರೇ ಇರುವಾಗ, ಅತ್ತೆಯನ್ನು ಬೆನ್ನಿಗೆ ಆಸರೆಯಿದ್ದ ಕುರ್ಚಿಯಲ್ಲಿ ಕೂರಿಸಿದಳು. ಬ್ಯಾಗು ಒಳಕೋಣೆಯಲ್ಲಿತ್ತು. ಬಟ್ಟಲಿನ ಬಿಸಿನೀರಿನಲ್ಲಿ ಮೇಣ ಮೆತ್ತಗಾಗುತ್ತಿತ್ತು.

ಮೊದಲ ಸಲ ದವಡೆ ಮುಂದಕ್ಕೆ ಬಂತು. ಎರಡನೆಯ ಸಲವೂ ಬಂತು. ನುಂಗಿ ಎಂದಳು, ನಾಲಿಗೆ ಮಡಿಸಿ ಹಿಂದಕ್ಕೆ ಮುಟ್ಟಿಸಿ ಎಂದಳು. ತಾನು ಕಲಿತ ಉಪಾಯಗಳೆಲ್ಲ ಮುಗಿದವು. ಮೇಣ ಗಟ್ಟಿಯಾಗತೊಡಗಿತು. ಇನ್ನೊಂದೇ ಸಲ ಎಂದು ಅತ್ತೆ ಕೊಟ್ಟಿದ್ದ ಮಾತು ಅವಳ ಕುತ್ತಿಗೆಯ ಮೇಲೆ ಕುಳಿತಿತ್ತು.

ಅತ್ತೆ ದಿಂಡನ್ನು ಬಾಯಿಂದ ತೆಗೆದರು. "ನೀನು ಉಸಿರು ಬಿಗಿ ಹಿಡ್ಕೊಂಡಿದ್ದೀಯ. ಎದುರಿಗೆ ಕೂತ ನನಗೂ ಅದೇ ಅಂಟುತ್ತೆ. ಬಿಡು ಅದನ್ನ. ಪ್ರಾರ್ಥನೆ ಮಾಡೋಣ."

"ಮೇಣ ಆರಿಹೋಗುತ್ತೆ ಅತ್ತೆ."

"ಮತ್ತೆ ಬಿಸಿ ಮಾಡಿದ್ರೆ ಆಯ್ತು. ಅದಕ್ಕೇನು ಕೋಪ ಬರುತ್ತಾ?"

ಕರ್ತನು ಕಲಿಸಿದ ಪ್ರಾರ್ಥನೆಯನ್ನು ಅತ್ತೆ ಶುರು ಮಾಡಿದರು. ಹಲ್ಲಿಲ್ಲದ ಬಾಯಿ, ಒಂದೊಂದು ಪದವನ್ನೂ ತುಟಿ ಮತ್ತು ನಾಲಿಗೆ ಸೇರಿ ಹುಡುಕಿ ಹೊರತರಬೇಕಿತ್ತು. ಮಿಂಚಮ್ಮನ ನಾಲಿಗೆ ಅಭ್ಯಾಸಬಲದಿಂದ ಎರಡು ಸಾಲು ಮುಂದೆ ಓಡಿ, ನಿಂತು, ಹಿಂದೆ ಬಂದು ಅತ್ತೆಯ ಜೊತೆ ಸೇರಿಕೊಂಡಿತು. ದಿನದ ಆಹಾರವನ್ನು ಬೇಡುವ ಸಾಲು ಬಂದಾಗ ಅತ್ತೆ ಸ್ವಲ್ಪ ತಡೆದರು. ಅವರಿಗೇನೋ ಅದು ಉಸಿರು ತೆಗೆದುಕೊಳ್ಳುವ ಜಾಗವಷ್ಟೇ. ಆದರೆ ಅಂಚು ಕಿತ್ತ ಬ್ರೆಡ್ಡು ಅದ್ದಿದ ಆ ಹಾಲಿನ ಬಟ್ಟಲು ಮಿಂಚಮ್ಮನ ಕಣ್ಣಮುಂದೆ ಬಂತು. ಈ ಬಾಯಿ ದಿನಾ ಆಹಾರ ಬೇಡುತ್ತಲೇ ಇತ್ತು. ದೇವರು ಕೊಡುತ್ತಲೇ ಇದ್ದ. ನಡುವೆ ಅಡ್ಡ ನಿಂತದ್ದು ತನ್ನ ಅವಸರ. ತಪ್ಪುಗಳನ್ನು ಕ್ಷಮಿಸು ಎನ್ನುವ ಮುಂದಿನ ಸಾಲು ಬಂದಾಗ ಅವಳು ಅರ್ಧಕ್ಕೇ ನಿಂತಳು. ಅತ್ತೆ ಕಣ್ಣು ಮುಚ್ಚಿದ್ದಂತೆಯೇ ಕೈ ಚಾಚಿ ಅವಳ ಮೊಣಕಾಲು ತಟ್ಟಿ, ಅವಳ ಪಾಲಿನ ಸಾಲನ್ನೂ ತಾವೇ ಹೇಳಿದರು.

ಆಮೆನ್ ಎಂದ ಮೇಲೆ ತುಟಿಗಳು ಮೆಲ್ಲನೆ ಸೇರಿದವು. ಗದ್ದ ಇಳಿದು ಕುತ್ತಿಗೆಯ ಕಡೆ ಸರಿದು ವಿಶ್ರಾಂತಿಗೆ ಕುಳಿತದ್ದನ್ನು ಮಿಂಚಮ್ಮ ಕಂಡಳು. ಮೇಣವನ್ನು ಮತ್ತೆ ಬಿಸಿನೀರಿಗೆ ಬಿಟ್ಟಳು, ಮೆತ್ತಗಾಗುವವರೆಗೆ ಸುಮ್ಮನೆ ಕಾದಳು, ಬಾಯಲ್ಲಿಟ್ಟಳು. ಗದ್ದಕ್ಕೆ ಒಂದು ಬೆರಳು ಸೋಕಿಸಿ, "ಮುಚ್ಚಿ ಅತ್ತೆ," ಎಂದಳು. ಅತ್ತೆ ಮುಚ್ಚಿದರು. ಇನ್ನೊಮ್ಮೆ ನೋಡಿದರೂ ದವಡೆ ಅದೇ ಜಾಗಕ್ಕೆ ಬಂತು. ಮತ್ತೊಮ್ಮೆಯೂ ಅಲ್ಲಿಗೇ ಬಂತು.

ಈ ಸಲ ಯಾವ ಹಂತವೂ ತಪ್ಪಲಿಲ್ಲ. ಹಲ್ಲು ಜೋಡಿಸಿದ ಮೇಣವನ್ನು ಮನೆಗೆ ತಂದು ಬಾಯಲ್ಲಿಟ್ಟು, ಅತ್ತೆಯನ್ನು ಮಾತಾಡಿಸಿ, ಹಾಡಿನ ಒಂದು ಸಾಲು ಹೇಳಿಸಿ ನೋಡಿದಳು. ಡಾಕ್ಟರಿಗೂ ತೋರಿಸಿದಳು. ಬೇಯಿಸಿದ ಅಚ್ಚನ್ನು ತೊಟ್ಟಿಯಲ್ಲೇ ತಣ್ಣಗಾಗಲು ಬಿಟ್ಟು ಮನೆಗೆ ಹೊರಟಾಗ ಪಾಲಿಶ್ ಮಾಡುವ ಅಣ್ಣ ಕನ್ನಡಕ ಎತ್ತಿ ನೋಡಿದ. "ಏನು ಮಿಂಚಮ್ಮ, ಇವತ್ತು ಬರೀ ಮೋಡ?"

"ಮಳೆ ಬರ್ಬೇಕಂದ್ರೆ ಮೋಡ ನಿಲ್ಬೇಕಲ್ಲ ಅಣ್ಣ."

"ಅಬ್ಬಾ! ಪಾಸ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ಯಾ?" ಎಂದು ನಕ್ಕು ಅವನು ಮೋಟಾರು ಹಚ್ಚಿದ.

ಸೆಟ್ಟು ಹಾಕಿದ ದಿನ ಮೇಜಿನ ಮೇಲೆ ಸೌತೆಕಾಯಿಯ ಹೋಳುಗಳಿದ್ದವು. ಅತ್ತೆಯೇ ಕೇಳಿ ಹೆಚ್ಚಿಸಿಕೊಂಡಿದ್ದರು. ಮಗ, ಸೊಸೆ, ಮೊಮ್ಮಗಳು ಮೂವರೂ ತಮ್ಮ ಊಟ ಬಿಟ್ಟು ಅವರನ್ನೇ ನೋಡುತ್ತಿದ್ದರು. "ನಾನೇನು ಸರ್ಕಸ್ಸಾ?" ಎಂದು ಗದರಿ ಅತ್ತೆ ಒಂದು ಹೋಳನ್ನು ಬಾಯಿಗಿಟ್ಟರು. ಕರಕ್ ಎಂದಿತು. ಅಗಿದರು. ಬಲಗಡೆಯಿಂದ ಎಡಕ್ಕೆ ಸರಿಸಿ ಇನ್ನೂ ಅಗಿದರು. ನುಂಗಿ, ಮತ್ತೊಂದು ತೆಗೆದುಕೊಂಡರು. ಗಂಡ ಮುಖ ಆಚೆ ತಿರುಗಿಸಿ ಕಣ್ಣಿಗೆ ಏನೋ ಬಿದ್ದವನಂತೆ ಉಜ್ಜಿಕೊಂಡ.

ಮೂರನೆಯ ಹೋಳಿನ ನಡುವೆ ಅತ್ತೆ ನಿಲ್ಲಿಸಿದರು. ಮಿಂಚಮ್ಮ ಮುಂದಕ್ಕೆ ಬಾಗಿದಳು.

"ಇಲ್ಲಿ," ಎಂದರು ಅತ್ತೆ, ಕೆಳಗಿನ ಎಡಬದಿಗೆ ಕೆನ್ನೆಯ ಮೇಲಿಂದ ಬೆರಳಿಟ್ಟು. "ಇಲ್ಲೊಂದು ಕಡೆ ಚುಚ್ಚುತ್ತೆ ಕಣೇ. ಜಾಸ್ತಿ ಏನಿಲ್ಲ, ಸಾಸಿವೆಯಷ್ಟು. ನೋಡು."

ಹೊಸ ಸೆಟ್ಟಿನಲ್ಲಿ ಅಷ್ಟು ಇದ್ದೇ ಇರುತ್ತದೆ. ಅದನ್ನು ಉಜ್ಜಿ ಸರಿಪಡಿಸುವುದು ನಿಜವಾಗಿಯೂ ಸಣ್ಣ ಕೆಲಸ. ಆದರೆ ಅತ್ತೆ ಹೇಳಿದ್ದರು. ತಾವಾಗಿ, ಊಟದ ನಡುವೆ, ಎಲ್ಲರೆದುರು, ಸಂಕೋಚವಿಲ್ಲದೆ. ಮಿಂಚಮ್ಮ ಕುರ್ಚಿಯನ್ನು ಎಳೆದುಕೊಂಡು ಅವರಿಗೆ ಎದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಳು.

"ಎಲ್ಲಿ ಅತ್ತೆ? ಸರಿಯಾಗಿ ತೋರಿಸಿ. ಇನ್ನೂ ಎಲ್ಲೆಲ್ಲಿ ಚುಚ್ಚುತ್ತೆ, ಎಲ್ಲಾ ಹೇಳಿ."

"ಎಲ್ಲಾ ಹೇಳೋಕೆ ಸಂಜೆ ಆಗುತ್ತಮ್ಮ."

"ಆಗ್ಲಿ," ಎಂದಳು ಮಿಂಚಮ್ಮ.

ಅವಳು ಚುಚ್ಚುವ ಜಾಗಕ್ಕೆ ಗುರುತು ಹಾಕುವ ಪೆನ್ಸಿಲ್ಲನ್ನು ತರಿಸಿಕೊಂಡಳು. ಅತ್ತೆ ಬಾಯಿ ತೆರೆದರು.